ಮನೆಯೇ ಪಾಠಶಾಲೆಯಾದಾಗ

ಮಕ್ಕಳನ್ನು ಶಾಲೆಗೆ ಕಳಿಸದೆ ತಂದೆತಾಯಿಗಳೇ ಮನೆಯಲ್ಲಿ ಓದುಬರಹ ಕಲಿಸುವ ಪದ್ಧತಿ ಅಮೆರಿಕದಲ್ಲಿ ಬಹಳವಾಗಿದೆ. ಅದರಲ್ಲಿಯೂ ಕ್ರೈಸ್ತ ಕುಟುಂಬಗಳಲ್ಲಿ ಹೆಚ್ಚು. ನಮ್ಮ ವಾಚನಾಲಯಕ್ಕೆ ಬರುವ ಕೆಲವರು ಇದರ ಸುದ್ದಿ ಓದಿ, "ನಮ್ಮ ಕಡೆ ಇದು ನಡೆದೀತೇ? ಕಾಯಿದೆ ಒಪ್ಪುತ್ತದೆಯೇ?" ಎಂದು ಕೇಳಿದ್ದಾರೆ. ಕಾಯಿದೆಯ ಮಾತು ಆಮೇಲೆ. ಅಂಥ ಮನೆಯನ್ನು ನೋಡಲು ಸಮುದ್ರ ದಾಟಬೇಕಾಗಿಲ್ಲ; ನಾಸಿಕದ ಮಗ್ಗುಲಲ್ಲೇ ಹುಟ್ಟಿದ ಹೆಣ್ಣುಮಗಳೊಬ್ಬಳ ಸಂಸಾರವೇ ಅಂಥ ಶಾಲೆಯಾಗಿತ್ತು.

ಆಕೆ ಲಕ್ಷ್ಮೀಬಾಯಿ ಟಿಳಕ. 1868ರಲ್ಲಿ ಜಲಾಲಪುರದಲ್ಲಿ ಜನನ. ತಂದೆ ಗೋಖಲೆಯವರಿಗೆ ಮಡಿಯ ವಿಪರೀತ ಹುಚ್ಚು. ಅಂಗಡಿಯಿಂದ ಬಂದ ಸಾಮಾನನ್ನೆಲ್ಲ, ಉಪ್ಪನ್ನು ಕೂಡ, ತೊಳೆದೇ ಒಳಗೆ ತರಬೇಕು. ತೊಳೆದ ಉಪ್ಪು ಎಷ್ಟು ಉಳಿಯುತ್ತದೆಂಬುದು ಅಡಿಗೆಮನೆ ಬಲ್ಲವರಿಗೆ ಗೊತ್ತು. ಅಂಥ ಮನೆಯಲ್ಲಿ ಹೆಣ್ಣುಮಗುವಿಗೆ ಅಕ್ಷರ ಕಲಿಸುವವರು ಯಾರು? ಹನ್ನೊಂದರ ವಯಸ್ಸಿಗೆ ನಾರಾಯಣ ವಾಮನ ಟಿಳಕರೊಡನೆ ಮದುವೆಯಾಯಿತು. (ಲೋಕಮಾನ್ಯರು ಬೇರೆ, ಇವರು ಬೇರೆ.) ಟಿಳಕರು ನಾಸಿಕದಲ್ಲಿ ಸಂಸ್ಕೃತ ಓದಿದವರು, ಕವಿಗಳು, ಮುಂಗೋಪಿಗಳು. ಹೇಳದೆ ಕೇಳದೆ ಮನೆ ಬಿಟ್ಟು ಹೋಗುವ ಚಾಳಿಯೂ ಇತ್ತು, ಕೈಯಲ್ಲಿ ಕಾಸು ನಿಲ್ಲುತ್ತಿರಲಿಲ್ಲ. ಆದರೂ ಹೆಂಡತಿಗೆ ಓದು ಕಲಿಸಿದವರು ಅವರೇ. ಕವಿಗಳು ತಾಳ್ಮೆಯ ಗುರುಗಳಾಗುವುದು ಅಪರೂಪವೆಂದು ನನ್ನ ಅಭಿಪ್ರಾಯ. ಇಲ್ಲಿ ತಾಳ್ಮೆಯೆಲ್ಲ ಶಿಷ್ಯಳದೇ ಆಗಿತ್ತು.

1895ರಲ್ಲಿ ಟಿಳಕರು ಮುಂಬಯಿಯಲ್ಲಿ ಕ್ರೈಸ್ತರಾದರು. ಲಕ್ಷ್ಮೀಬಾಯಿಯ ಪಾಲಿಗೆ ಆಕಾಶವೇ ಕಳಚಿ ಬಿದ್ದಂತಾಯಿತು. ಕೆಲವು ವರ್ಷ ಬಂಧುಗಳ ಆಶ್ರಯದಲ್ಲಿ ಬೇರೆಯಾಗಿಯೇ ಇದ್ದರು. ಆ ಅಗಲಿಕೆಯ ದಿನಗಳಲ್ಲಿ ಆಕೆಯ ಕೈಗೆ ಬಂದದ್ದು ಅರೆಬರೆ ಕಲಿತ ಅದೇ ಅಕ್ಷರ. ದುಃಖವನ್ನು ಪದ್ಯವಾಗಿ ಕಟ್ಟಿದರು. ಬಳಿಕ ಗಂಡನ ಬಳಿಗೆ ಹೋದರು. ಹೋದರೂ ಒಡನೆಯೇ ಮತ ಬದಲಿಸಲಿಲ್ಲ. ಜಾತಿಯ ಕಟ್ಟು ಸಡಿಲವಾಗಿ, ಮನಸ್ಸು ಒಪ್ಪಿದ ಮೇಲೆ, 1900ರಲ್ಲಿ ದೀಕ್ಷಾಸ್ನಾನ ಪಡೆದರು. ಈ ನಿಧಾನವನ್ನು ನಾನು ಆಕೆಯ ದೊಡ್ಡ ಗುಣವೆಂದು ಎಣಿಸುತ್ತೇನೆ.

ಅಹಮದನಗರ (ಇಂದಿನ ಅಹಿಲ್ಯಾನಗರ) ಜಿಲ್ಲೆಯಲ್ಲಿ ಅವರು ಹೂಡಿದ ಸಂಸಾರ ತುಂಬಿದ ಛತ್ರದಂತಿತ್ತು. 1899–1900ರ ಘೋರ ಬರಗಾಲದ ಕಾಲವದು. ಅನಾಥ ಮಕ್ಕಳು ಮನೆ ಸೇರಿದರು. ಟಿಳಕರು ಕರೆತರುವರು, ಉಣಬಡಿಸುವ ಚಿಂತೆ ಲಕ್ಷ್ಮೀಬಾಯಿಯದು! ಮುಂದೆ 'ಬಾಲಕವಿ' ಎಂದು ಮರಾಠಿಯಲ್ಲಿ ಹೆಸರಾದ ತ್ರ್ಯಂಬಕ ಠೋಮರೆಯವರೂ ಹುಡುಗರಾಗಿದ್ದಾಗ ಇದೇ ಮನೆಯಲ್ಲಿ ಮಗನಂತೆ ಇದ್ದರು. ಗಂಟೆಯಿಲ್ಲ, ಹಾಜರಿ ಪುಸ್ತಕವಿಲ್ಲ. ಪದ್ಯ, ಜಗಳ, ಪ್ರಾರ್ಥನೆ, ಪಾತ್ರೆ ತೊಳೆಯುವುದು ಎಲ್ಲವೂ ಪಾಠವೇ.

1919ರಲ್ಲಿ ಟಿಳಕರು ತೀರಿಕೊಂಡಾಗ 'ಕ್ರಿಸ್ತಾಯನ' ಎಂಬ ಅವರ ಮಹಾಕಾವ್ಯ ಹತ್ತು ಅಧ್ಯಾಯಗಳ ಸುಮಾರಿಗೆ ನಿಂತಿತ್ತು. ಉಳಿದ ಅರವತ್ತಕ್ಕೂ ಮಿಕ್ಕ ಅಧ್ಯಾಯಗಳನ್ನು ಬರೆದವರು ಶಾಲೆಯ ಹೊಸ್ತಿಲು ತುಳಿಯದ ಈ ಹೆಂಡತಿ. ಸಂಸಾರದ ಎಡವಟ್ಟುಗಳನ್ನೆಲ್ಲ ನಗುನಗುತ್ತ ಹೇಳುವ ಆಕೆಯ ಆತ್ಮಕಥೆ 'ಸ್ಮೃತಿಚಿತ್ರೆ' 1934ರಿಂದ ಭಾಗಭಾಗವಾಗಿ ಹೊರಬಂತು. ಗಂಡನನ್ನು ಅದರಲ್ಲಿ ದೇವರನ್ನಾಗಿ ಮಾಡಿಲ್ಲ, ದೂರಿಯೂ ಇಲ್ಲ. 1936ರಲ್ಲಿ ನಾಸಿಕದಲ್ಲಿ ಆಕೆ ಕಾಲವಾದರು. ಇಷ್ಟು ವರ್ಷ ಇಲ್ಲಿದ್ದು ಮರಾಠಿ ಓದಬಲ್ಲ ನಮ್ಮವರು ಆ ಪುಸ್ತಕವನ್ನು ಓದದೆ ಊರಿಗೆ ಮರಳಬಾರದು.

ನಮ್ಮ ಕನ್ನಡ ಸೀಮೆಯದೂ ಒಂದು ಉದಾಹರಣೆಯುಂಟು. ಕಾರ್ಕಳದ ಕಡೆಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಎಳೆಯ ಹೆಂಡತಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ಸಂಸ್ಕೃತವೇ ಎಂದು ಆಕ್ಷೇಪ ಬಂದಾಗ ಶಾಸ್ತ್ರಾಧಾರಗಳಿಂದಲೇ ಉತ್ತರ ಕೊಟ್ಟು, ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ. ಬೆಳಗಿನ ಜಾವ, ಮನೆಗೆಲಸಕ್ಕೆ ಮುಂಚೆ, ತಾಯಿ ಮಗುವನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಬರಗಾಲದಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಬಾಯಿಪಾಠ ಮಾತ್ರ ಮಗಳೊಡನೆ ಉಳಿಯಿತು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ 'ಪಂಡಿತಾ' ಎಂಬ ಬಿರುದಿತ್ತರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾಗಿ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು.

ಇನ್ನು ನಮ್ಮ ವಿಷಯ. ಸಾತಪೂರ, ಅಂಬಡದ ಕಾರಖಾನೆಗಳಲ್ಲಿಯೂ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣೆಗಳಲ್ಲಿಯೂ ದುಡಿಯುವ ನಮ್ಮವರ ಮಕ್ಕಳು ಮರಾಠಿ ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುತ್ತಾರೆ. ಅದು ಸರಿಯೇ. ಆದರೆ ಕನ್ನಡಕ್ಕೆ ಮನೆಯೊಂದೇ ಶಾಲೆ. (ಸಂಭಾಜಿನಗರ ಜಿಲ್ಲೆಯಲ್ಲಿ 'ಕನ್ನಡ' ಎಂಬ ಹೆಸರಿನ ತಾಲೂಕೇ ಇದೆ, ವೇರೂಳದ ಕೈಲಾಸ ದೇವಾಲಯವನ್ನು ಕೊರೆಸಿದವರು ರಾಷ್ಟ್ರಕೂಟರು. ಇದನ್ನು ಮಕ್ಕಳಿಗೆ ಹೇಳಿದರೆ ಪಾಠಕ್ಕೆ ತಾವಾಗಿ ಕೂಡುತ್ತಾರೆ.)

ಕಲಿಸುವಾಗ ಆಗುವ ತೊಡಕುಗಳು ಬಹುಮಟ್ಟಿಗೆ ಎಲ್ಲ ಮನೆಗಳಲ್ಲೂ ಒಂದೇ. ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘ ಭೇದವಿಲ್ಲ. ಆದ್ದರಿಂದ ಹುಡುಗ "ಅವ್ವಾ, ನೀರು ಕೋಡು" ಎಂದು ಓದುತ್ತಾನೆ. ಅವ್ವ ನಗುತ್ತಾಳೆ, ಹುಡುಗ ಪುಸ್ತಕ ಮುಚ್ಚುತ್ತಾನೆ. ನಗಬಾರದು. 'ಕೊಡು–ಕೋಡು', 'ಬೆಳೆ–ಬೇಳೆ', 'ಕೆರೆ–ಕೇರೆ' ಎಂದು ಜೋಡಿ ಮಾಡಿ ಬಾಯಲ್ಲಿ ಆಡಿಸಬೇಕು; ಅಡಿಗೆಮನೆಯಲ್ಲೇ ಬೇಳೆ ತೋರಿಸಬಹುದು. ಎರಡನೆಯ ತೊಡಕು ಒತ್ತಕ್ಷರ. ದೇವನಾಗರಿಯಲ್ಲಿ ಮೊದಲ ವ್ಯಂಜನ ಅರ್ಧವಾಗುತ್ತದೆ. ನಮ್ಮಲ್ಲಿ ಮೊದಲಿನದು ಪೂರ್ತಿ ನಿಂತು ಎರಡನೆಯದು ಕೆಳಗೆ ಇಳಿಯುತ್ತದೆ. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಮಗುವಿಗೆ ತಿಳಿಯುತ್ತದೆ. ಪಾಳಿಯಿಂದ ದಣಿದು ಬಂದ ತಂದೆ ಒಂದು ತಾಸು ಕೂಡಿಸಿ ಗದರುವುದಕ್ಕಿಂತ, ದಿನಕ್ಕೆ ಕಾಲು ತಾಸು ಸಾಕು.

ಕಾಯಿದೆಗೆ ಬರೋಣ. 2009ರ ಶಿಕ್ಷಣ ಹಕ್ಕಿನ ಕಾಯಿದೆ 1 ಏಪ್ರಿಲ್ 2010ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ 10ನೆಯ ಕಲಮು ಹೇಳುತ್ತದೆ. ಸೇರಿಸದ ಪಾಲಕರಿಗೆ ದಂಡವನ್ನು ಮಾತ್ರ ಅದು ವಿಧಿಸಿಲ್ಲ. ಈ ಸಂದಿಯಲ್ಲಿಯೇ ಕೆಲವು ಕುಟುಂಬಗಳು ಮನೆಪಾಠ ನಡೆಸುತ್ತಿವೆ. ಇಬ್ಬರೂ ದುಡಿಯಲು ಹೋಗುವ ನಮ್ಮಂಥವರ ಮನೆಗಳಿಗೆ ಇದು ಹೊಂದುವ ದಾರಿಯಲ್ಲ ಎಂದೇ ನನ್ನ ಎಣಿಕೆ. ನಮ್ಮವರಿಗೆ ಬೇಕಾದ ಮಾತು ಅದೇ ಕಾಯಿದೆಯಲ್ಲಿ ಬೇರೆ ಇದೆ: ಊರು ಬಿಟ್ಟು ಬಂದ ಮಗುವಿನ ಟಿ.ಸಿ. ತಡವಾಯಿತೆಂದು ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. ನಡುವೆ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು.

ದೊಡ್ಡವರಿಗೂ ದಾರಿಯುಂಟು. ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಶಾಲೆ ಬಿಟ್ಟು ರೈಲು ಹತ್ತಿದವರು ನಮ್ಮಲ್ಲಿ ಅನೇಕರು. ಹತ್ತನೆಯದರ ಸರ್ಟಿಫಿಕೇಟು ಇಲ್ಲವೆಂದು ಬಡ್ತಿ ತಪ್ಪಿದವರೂ ಇದ್ದಾರೆ. ಮಹಾರಾಷ್ಟ್ರ ಮಂಡಳಿಯ 'ನಮೂನೆ ನಂಬರ್ 17' ತುಂಬಿ, ಖಾಸಗಿ ವಿದ್ಯಾರ್ಥಿಯಾಗಿ ಹತ್ತನೆಯ, ಹನ್ನೆರಡನೆಯ ಪರೀಕ್ಷೆಗೆ ಕೂಡಬಹುದು. ಮಂಡಳಿಯ ವಿಭಾಗೀಯ ಕಚೇರಿಗಳು ನಾಸಿಕದಲ್ಲಿಯೂ ಸಂಭಾಜಿನಗರದಲ್ಲಿಯೂ ಇವೆ. ಇನ್ನೊಂದು ದಾರಿ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಹದಿನಾಲ್ಕು ತುಂಬಿದವರು ಅದರ ಹತ್ತನೆಯ ಪರೀಕ್ಷೆಗೆ ಹೆಸರು ಕೊಡಬಹುದು. ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಅದರ ಸಂಕೇತ ಸಂಖ್ಯೆ 208.

ನಮೂನೆ 17ಕ್ಕೆ ಶಾಲೆ ಬಿಟ್ಟ ಮೂಲ ದಾಖಲೆ ಬೇಕು. ಅದು ಕಳೆದಿದ್ದರೆ ಅದರ ಎರಡನೆಯ ಪ್ರತಿಯೂ ಪ್ರತಿಜ್ಞಾಪತ್ರವೂ ನಡೆಯುತ್ತವೆ. ಜೊತೆಗೆ ಆಧಾರ್ ಕಾರ್ಡು, ಭಾವಚಿತ್ರ. ಎರಡನೆಯ ಪ್ರತಿಗೆ ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕನ್ನಡದಲ್ಲಿ ಅರ್ಜಿ ಬರೆಯಬೇಕು: ಪೂರ್ಣ ಹೆಸರು, ತಂದೆಯ ಹೆಸರು, ಜನ್ಮದಿನ, ಶಾಲೆ ಬಿಟ್ಟ ವರ್ಷ ಮತ್ತು ತರಗತಿ. ಹಬ್ಬಕ್ಕೆ ಊರಿಗೆ ಹೋಗುವವರು ರಜೆಯ ದಿನ ಬಿಟ್ಟು ಒಂದು ಶಾಲೆಯ ದಿನ ಮಿಗಿಸಿಕೊಂಡು ಹೋಗಲಿ. ಅರ್ಜಿ ಬರೆಯಲು ತೊಡಕಾಗುವವರು ಸಂಜೆ ವಾಚನಾಲಯಕ್ಕೆ ಬಂದರೆ ಬರೆದುಕೊಡುತ್ತೇವೆ. ಕಾಗದ ತಂದರೆ ಸಾಕು.