1/35ರ ಟೈಗರ್: ತಪ್ಪು ಕಲ್ಪನೆ ಮತ್ತು ವಾಸ್ತವ

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಯಾರಿಸಿದ ಟೈಗರ್-1 ಟ್ಯಾಂಕುಗಳು ಸುಮಾರು 1,350. ಪ್ಲಾಸ್ಟಿಕ್ಕಿನಲ್ಲಿ ಅದರ ಎಷ್ಟೋ ಪಟ್ಟು ಟೈಗರ್‌ಗಳು ಜಗತ್ತಿನ ಮೇಜುಗಳ ಮೇಲೆ ಹುಟ್ಟಿವೆ, ಇನ್ನೂ ಹುಟ್ಟುತ್ತಿವೆ. ಜಪಾನಿನ ತಮಿಯಾ, ರಷ್ಯಾದ ಝ್ವೆಜ್ದಾ, ಕೊರಿಯಾದ ಅಕಾಡೆಮಿ ಮುಂತಾಗಿ ಸೇನಾವಾಹನಗಳ ಕಿಟ್ ಮಾಡುವ ಕಂಪನಿಗಳು ಟೈಗರನ್ನು ಮಾಡದೆ ಬಿಟ್ಟದ್ದು ಕಡಿಮೆ. ಪುಟ್ಟ ಮಾದರಿಗಳನ್ನು ಜೋಡಿಸುವ ಈ ಹವ್ಯಾಸದ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳೂ ಹೆಚ್ಚಾಗಿ ಅಂಟಿಕೊಂಡಿರುವುದು ಇದೇ ಟೈಗರಿಗೆ. ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಮಾತಾಡೋಣ.

"ಇದು ಮಕ್ಕಳಾಟ"

ಪೆಟ್ಟಿಗೆಯ ಪಕ್ಕದಲ್ಲಿ ಅಚ್ಚಾಗಿರುವ ವಯಸ್ಸನ್ನು ಓದಿದರೆ ಸಾಕು, ಈ ಮಾತು ಬಿದ್ದುಹೋಗುತ್ತದೆ. ಬಹುತೇಕ ಕಿಟ್‌ಗಳ ಮೇಲೆ 14 ವರ್ಷ ಮೇಲ್ಪಟ್ಟವರಿಗೆ ಎಂದಿರುತ್ತದೆ. ಒಳಾಂಗಣವೆಲ್ಲ ಇರುವ ಇತ್ತೀಚಿನ ಟೈಗರ್ ಕಿಟ್‌ಗಳಲ್ಲಿ ಬಿಡಿಭಾಗಗಳ ಸಂಖ್ಯೆ ಸಾವಿರ ದಾಟುವುದುಂಟು. ಅದರಲ್ಲಿ ಕೆಲವು ಎಳ್ಳಿನ ಕಾಳಿಗಿಂತ ಚಿಕ್ಕವು. ನೆಲಕ್ಕೆ ಬಿದ್ದರೆ ದೇವರೇ ಗತಿ.

"1/35 ಎಂಬುದು ಸೇನೆಯ ಲೆಕ್ಕಾಚಾರದಿಂದ ಬಂದ ಅಳತೆ"

1/35 ಅಂದರೆ ನಿಜ ಗಾತ್ರದ 35ರಲ್ಲಿ ಒಂದು ಪಾಲು. ಅದು ಬಂದದ್ದು ಬ್ಯಾಟರಿಯಿಂದ. 1/72 ಎಂದರೆ ಆರು ಅಡಿಗೆ ಒಂದಂಗುಲ, 1/48 ಎಂದರೆ ಒಂದಡಿಗೆ ಕಾಲಂಗುಲ. ಅಡಿ-ಅಂಗುಲದ ಲೆಕ್ಕದಲ್ಲಿ ಇವೆರಡಕ್ಕೂ ಅರ್ಥವಿದೆ. 1/35ಕ್ಕೆ ಅಂಥ ಯಾವ ಹಿನ್ನೆಲೆಯೂ ಇಲ್ಲ. ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿ ಮೂಲತಃ ಮರದ ವ್ಯಾಪಾರದ್ದು. 1961ರಲ್ಲಿ ಅದು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮೋಟಾರು ಕಿಟ್ಟೊಂದನ್ನು ಹೊರತಂದಿತು. ಎರಡು ಬ್ಯಾಟರಿ ಸೆಲ್‌ಗಳು ಒಳಗೆ ಹಿಡಿಸುವಷ್ಟು ದೊಡ್ಡದಾಗಿರಬೇಕು ಎಂಬುದೇ ಆಗಿನ ಮಾನದಂಡ. ಕಿಟ್ ಚೆನ್ನಾಗಿ ಮಾರಾಟವಾಗಿ, ಉಳಿದ ಟ್ಯಾಂಕುಗಳನ್ನೂ ಅದೇ ಅಳತೆಗೆ ಮಾಡೋಣವೆಂದು ಅಳೆದು ನೋಡಿದಾಗ ಅದು ಸುಮಾರು 1/35 ಎಂದು ಗೊತ್ತಾಯಿತು. ಇದನ್ನು ಹೇಳಿಕೊಂಡವರು ಕಂಪನಿಯನ್ನು ಕಟ್ಟಿ ಬೆಳೆಸಿದ ಶುನ್ಸಾಕು ತಮಿಯಾ ಅವರೇ. ಆಮೇಲೆ ಬಂದ ಹೆಚ್ಚಿನ ಕಂಪನಿಗಳು ಅದೇ ದಾರಿ ಹಿಡಿದವು. ಹಳೆಯ ಅಚ್ಚಿನ ಕಿಟ್ ಕೊಂಡವರು ಟ್ಯಾಂಕಿನ ತಳದಲ್ಲಿ ಕಾರಣವಿಲ್ಲದೆ ತೂತುಗಳಿವೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಮೋಟಾರು, ಸ್ವಿಚ್ಚುಗಳಿಗೆ ಬಿಟ್ಟ ಜಾಗ ಅದು. ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಒಳಗಿನಿಂದ ಅಂಟಿಸಿ ಮುಚ್ಚಿದರಾಯಿತು.

"ಅಂಟು ಹೆಚ್ಚು ಹಾಕಿದಷ್ಟೂ ಗಟ್ಟಿ"

ಕಿಟ್ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನದು. ಅದಕ್ಕೆ ಬಳಸುವ ತೆಳು ಸಿಮೆಂಟು ನಾವು ತಿಳಿದಿರುವ ಅರ್ಥದ ಅಂಟಲ್ಲ, ದ್ರಾವಕ. ಎರಡೂ ಅಂಚುಗಳನ್ನು ಅದು ಕರಗಿಸುತ್ತದೆ. ಕರಗಿದ ಪ್ಲಾಸ್ಟಿಕ್ ಒಂದರೊಳಗೊಂದು ಬೆರೆತು, ದ್ರಾವಕ ಆರಿಹೋದ ಮೇಲೆ ಎರಡು ತುಂಡು ಒಂದಾಗುತ್ತವೆ. ಹೆಚ್ಚು ಸುರಿದರೆ ಬೋಲ್ಟಿನ ತಲೆ, ಬೆಸುಗೆಯ ಗೆರೆಗಳೆಲ್ಲ ಕರಗಿ ಕಲಸಿಹೋಗುತ್ತವೆ. ಸರಿಯಾದ ಕ್ರಮವೇ ಬೇರೆ. ಮೊದಲು ಎರಡು ಭಾಗಗಳನ್ನು ಒಣದಾಗಿಯೇ ಒತ್ತಿ ಹಿಡಿದು, ಕೂಡುವ ಗೆರೆಗೆ ಕುಂಚದ ತುದಿಯನ್ನು ಮುಟ್ಟಿಸಬೇಕು. ದ್ರವ ತಾನಾಗಿಯೇ ಗೆರೆಯುದ್ದಕ್ಕೂ ಓಡುತ್ತದೆ.

ಫಿರಂಗಿಯ ನಳಿಗೆ ಎರಡು ಹೋಳಾಗಿ ಬಂದಿದ್ದರೆ ಮಾತ್ರ ಕ್ರಮ ತುಸು ಭಿನ್ನ. ಸಿಮೆಂಟು ಹಾಕಿ ಕೊಂಚ ಬಿಟ್ಟು ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಏರಾಗಿ ಹೊರಗೆ ಉಕ್ಕುತ್ತದೆ. ಅದನ್ನು ಒಂದು ದಿನ ಮುಟ್ಟದೆ ಬಿಟ್ಟು, ಮಾರನೆಯ ದಿನ ಚಾಕುವಿನಿಂದ ಹೆರೆದು 400 ಗ್ರಿಟ್ಟಿನ, ಆಮೇಲೆ 1000 ಗ್ರಿಟ್ಟಿನ ಮರಳುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಜೋಡಣೆಯ ಗುರುತೇ ಸಿಗುವುದಿಲ್ಲ. ಬಣ್ಣ ಬಳಿದ ಮೇಲ್ಮೈ ಮೇಲೆ ಈ ಸಿಮೆಂಟು ಕೆಲಸ ಮಾಡದು, ಕೂಡುವ ಜಾಗದ ಬಣ್ಣ ಹೆರೆಯಲೇಬೇಕು. ಹಿತ್ತಾಳೆ, ರೆಸಿನ್ ಭಾಗಗಳಿಗಂತೂ ಅದು ಹಿಡಿಯುವುದೇ ಇಲ್ಲ. ಅಲ್ಲಿ ಫೆವಿಕ್ವಿಕ್ ಜಾತಿಯ ಅಂಟು ಬೇಕು. ಅದನ್ನು ಮಾತ್ರ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ ಭಾಗದ ಹತ್ತಿರ ತರಬೇಡಿ, ಅಂಟಿನ ಆವಿಗೇ ಆ ಭಾಗ ಬೆಳ್ಳಗೆ ಮಂಜಾಗುತ್ತದೆ.

"ಪೆಟ್ಟಿಗೆಯ ಚಿತ್ರ, ಸೂಚನಾ ಹಾಳೆ ಹೇಳಿದ್ದೇ ಪ್ರಮಾಣ"

ಟೈಗರ್ ಎಂಬ ಒಂದೇ ಟ್ಯಾಂಕ್ ಇರಲಿಲ್ಲ. ಉತ್ಪಾದನೆ 1942ರಲ್ಲಿ ಶುರುವಾಗಿ 1944ರ ಆಗಸ್ಟಿನಲ್ಲಿ ನಿಂತಿತು. ಆ ಎರಡು ವರ್ಷಗಳಲ್ಲಿ ಅದರ ಗೋಪುರದ ಮೇಲಿನ ಕಮಾಂಡರನ ಗೂಡು, ಚಕ್ರ, ದೀಪ, ಹೊರಮೈ ಎಲ್ಲ ಬದಲಾದವು. ಮೊದಲು ರಬ್ಬರಿನ ಅಂಚಿದ್ದ ಚಕ್ರಗಳು, 1944ರ ಫೆಬ್ರುವರಿಯ ಹೊತ್ತಿಗೆ ಉಕ್ಕಿನ ಅಂಚಿನವು. ಕಂಪನಿಗಳು ಖರ್ಚು ಉಳಿಸಲು ಒಂದೇ ಕಿಟ್ಟಿನಲ್ಲಿ ಬೇರೆಬೇರೆ ಕಾಲದ ಭಾಗಗಳನ್ನು ತುಂಬಿರುತ್ತವೆ. ಯಾವುದನ್ನು ಯಾವುದರ ಜೊತೆ ಹಾಕಬೇಕೆಂದು ನೀವೇ ನಿರ್ಧರಿಸಬೇಕು.

ಅತಿ ಹೆಚ್ಚು ಎಡವುವುದು ಝಿಮ್ಮರಿಟ್‌ನಲ್ಲಿ. ಅಯಸ್ಕಾಂತದ ಮೈನ್‌ಗಳು ಕಚ್ಚಿಕೊಳ್ಳದಿರಲಿ ಎಂದು ಟ್ಯಾಂಕಿನ ಮೈಗೆ ಬಳಿಯುತ್ತಿದ್ದ ಗಾರೆಯಂಥ ಲೇಪ ಅದು. ಬೇರಿಯಂ ಸಲ್ಫೇಟು, ಮರದ ಹೊಟ್ಟು, ಬಣ್ಣದ ಪುಡಿ ಸೇರಿಸಿದ ಮಿಶ್ರಣವನ್ನು ಹಚ್ಚಿ, ಹಸಿಯಿರುವಾಗಲೇ ಅಡ್ಡಡ್ಡ ಏಣು ಎಳೆಯುತ್ತಿದ್ದರು. ಇದು ಬಳಕೆಗೆ ಬಂದದ್ದು 1943ರ ಮಳೆಗಾಲ ಮುಗಿಯುವ ಹೊತ್ತಿಗೆ, ನಿಂತದ್ದು 1944ರ ಸೆಪ್ಟೆಂಬರಿನಲ್ಲಿ. ಉತ್ತರ ಆಫ್ರಿಕಾದ ಟ್ಯುನೀಸಿಯಾದಲ್ಲಿ ಜರ್ಮನ್ ಪಡೆಗಳು ಶರಣಾದದ್ದು 1943ರ ಮೇ ತಿಂಗಳಲ್ಲಿ. ಅಂದಮೇಲೆ ಮರುಭೂಮಿಯ ಟೈಗರಿಗೆ ಝಿಮ್ಮರಿಟ್ ಮೆತ್ತಿದರೆ ಕೈಕೆಲಸ ಎಷ್ಟೇ ಅಂದವಾಗಿರಲಿ, ಆ ಟ್ಯಾಂಕು ಎಂದೂ ಇದ್ದದ್ದಲ್ಲ. ಟ್ಯುನೀಸಿಯಾದ್ದೇ ಮಾಡಬೇಕೆಂದಿದ್ದರೆ ಒಳ್ಳೆಯ ಆಧಾರವೊಂದಿದೆ. 1943ರ ಏಪ್ರಿಲಿನಲ್ಲಿ ಬ್ರಿಟಿಷರ ಕೈಗೆ ಸಿಕ್ಕ 131 ಸಂಖ್ಯೆಯ ಟೈಗರ್ ಇಂದಿಗೂ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿದೆ, ಓಡುವ ಸ್ಥಿತಿಯಲ್ಲೂ ಇದೆ. ಅದರ ಫೋಟೊಗಳಿಗೆ ಬರವಿಲ್ಲ.

"ದುಬಾರಿ ಹಿತ್ತಾಳೆ ಭಾಗ, ಏರ್‌ಬ್ರಷ್ ಇಲ್ಲದೆ ಆಗದು"

ಹಿತ್ತಾಳೆಯ ತೆಳು ಹಾಳೆಯಲ್ಲಿ ಕೊರೆದ ಬಿಡಿಭಾಗಗಳು ಬೇಕೋ ಬೇಡವೋ ಎಂಬುದಕ್ಕೆ 35ರ ಮಗ್ಗಿಯಲ್ಲೇ ಉತ್ತರವಿದೆ. ಕಿಟ್ಟಿನ ಪ್ಲಾಸ್ಟಿಕ್ ಮಡ್‌ಗಾರ್ಡ್ 0.8 ಮಿ.ಮೀ. ದಪ್ಪವಿದ್ದರೆ ನಿಜ ಗಾತ್ರದಲ್ಲಿ ಅದು 28 ಮಿ.ಮೀ. ಆಗುತ್ತದೆ. ನಿಜವಾದ ಟ್ಯಾಂಕಿನ ಮಡ್‌ಗಾರ್ಡ್ ತೆಳು ತಗಡು, ಡಿಕ್ಕಿ ಹೊಡೆದರೆ ಮಡಚಿಕೊಳ್ಳುವಂಥದ್ದು. ಇಲ್ಲಿ 0.1 ಮಿ.ಮೀ. ಹಿತ್ತಾಳೆ ಹಾಳೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎಂಜಿನ್ ಮೇಲಿನ ಜಾಲರಿಗಳಿಗೂ ಅಷ್ಟೇ. ಆದರೆ ಅದೇ ಹಾಳೆಯಲ್ಲಿ ಹಿಡಿಕೆ, ಸರಳುಗಳನ್ನೂ ಕೊರೆದಿರುತ್ತಾರೆ. ನಿಜದಲ್ಲಿ ಗುಂಡಗಿರುವ ಸರಳು ಹಿತ್ತಾಳೆಯಲ್ಲಿ ಚಪ್ಪಟೆ ಪಟ್ಟಿ. ಅಂಥವನ್ನು ಪಕ್ಕಕ್ಕಿಟ್ಟು ಹಳೆಯ ಟೆಲಿಫೋನ್ ವೈರಿನ ತಾಮ್ರದ ಎಳೆಯನ್ನು ಬಗ್ಗಿಸಿ ಹಾಕುವುದು ಮೇಲು. ಬಿಡಿಭಾಗಗಳು ಜೋತುಬಿದ್ದಿರುವ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಉರಿಗೆ ತುಸು ದೂರದಲ್ಲಿ ತಿರುಗಿಸಿ, ಮೆತ್ತಗಾದಾಗ ಎಳೆದರೆ ಕೂದಲೆಳೆಯ ಆ್ಯಂಟೆನಾ ಸಿದ್ಧ. ಪುಕ್ಕಟೆ.

ಏರ್‌ಬ್ರಷ್ ಇದ್ದರೆ ಕೆಲಸ ಸಲೀಸು, ನಿಜ. ಇಲ್ಲದಿದ್ದರೆ ತಳಬಣ್ಣಕ್ಕೆ ಸ್ಪ್ರೇ ಡಬ್ಬಿ, ಉಳಿದದ್ದಕ್ಕೆ ಚಪ್ಪಟೆ ಕುಂಚ. ಹಾಲಿನಷ್ಟು ತೆಳುವಾದ ಬಣ್ಣ, ಒಂದರ ಮೇಲೊಂದು ಮೂರ್ನಾಲ್ಕು ಪದರ. ದುಡ್ಡು ಹಾಕುವುದಾದರೆ ಮೊದಲು ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸುವ ಒಳ್ಳೆಯ ನಿಪ್ಪರಿಗೆ ಹಾಕಿ.

"ಬಣ್ಣದ ಸಂಖ್ಯೆ ಸರಿಯಿದ್ದರೆ ಬಣ್ಣ ಸರಿ"

1943ರ ಫೆಬ್ರುವರಿಯಲ್ಲಿ ಜರ್ಮನ್ ಸೇನೆ ಕಡುಬೂದು ಬಿಟ್ಟು ಕಡುಹಳದಿಯನ್ನು ಮೂಲಬಣ್ಣ ಮಾಡಿಕೊಂಡಿತು. ಅದರ ಮೇಲೆ ಹಸಿರು, ಕೆಂಗಂದು ಪಟ್ಟೆಗಳನ್ನು ಎಳೆದುಕೊಳ್ಳುವುದು ಪಡೆಗಳ ಕೆಲಸ. ಆ ಬಣ್ಣಗಳು ಡಬ್ಬಿಯಲ್ಲಿ ಗಟ್ಟಿ ಪೇಸ್ಟಾಗಿ ಬರುತ್ತಿದ್ದವು. ಪೆಟ್ರೋಲು ಸಿಕ್ಕರೆ ಪೆಟ್ರೋಲಿನಲ್ಲಿ, ಇಲ್ಲದಿದ್ದರೆ ನೀರಿನಲ್ಲಿ ಕಲಸಿ ಹಚ್ಚುತ್ತಿದ್ದರು. ಒಂದೇ ಡಬ್ಬಿಯ ಬಣ್ಣ ಎರಡು ಟ್ಯಾಂಕುಗಳ ಮೇಲೆ ಎರಡು ರೀತಿ ಕಾಣುವುದು ಆಗ ಸಹಜ. ಕಪ್ಪು-ಬಿಳುಪು ಫೋಟೊ ನೋಡಿ ಹಳದಿಯ ನಿಖರ ಛಾಯೆಗಾಗಿ ಜಗಳವಾಡುವವರಿಗೆ ನನ್ನ ಮಟ್ಟಿಗೆ ಬೇರೆ ಕೆಲಸವಿಲ್ಲ.

ಇನ್ನೊಂದು ಸಂಗತಿಯೂ ಇದೆ. ಮಾದರಿಯನ್ನು 30 ಸೆಂ.ಮೀ. ದೂರದಿಂದ ನೋಡಿದರೆ ನಿಜವಾದ ಟ್ಯಾಂಕನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದಂತೆ. ಅದೂ ಬಿಸಿಲಿನಲ್ಲಲ್ಲ, ಮನೆಯ ದೀಪದ ಬೆಳಕಿನಲ್ಲಿ. ಡಬ್ಬಿಯ ಬಣ್ಣವನ್ನು ಹಾಗೇ ಹಚ್ಚಿದರೆ ಮಂಕಾಗಿ ಕಾಣುತ್ತದೆ. ಅದಕ್ಕೇ ಅನುಭವಿಗಳು ತುಸು ಬಿಳಿ ಅಥವಾ ತಿಳಿಹಳದಿ ಬೆರೆಸುತ್ತಾರೆ. ಎಷ್ಟು ಎಂಬುದಕ್ಕೆ ಸೂತ್ರವಿಲ್ಲ, ಕಣ್ಣಂದಾಜು.

"ತುಕ್ಕು, ಕೆಸರು ಹೆಚ್ಚಿದಷ್ಟೂ ನೈಜ"

ಈ ಹವ್ಯಾಸಕ್ಕೆ ಹಿಡಿದಿರುವ ದೊಡ್ಡ ಗೀಳು ಇದು. ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್, ಅಮೆರಿಕದ ಶೆಪರ್ಡ್ ಪೇನ್ ಮುಂತಾದವರು ಧೂಳು, ಸವಕಳಿ ತೋರಿಸುವ ಕಲೆಯನ್ನು ಜನಪ್ರಿಯ ಮಾಡಿದ ಮೇಲೆ, ಹಿಂದೆ ಬಂದವರು ಅದನ್ನು ಅತಿಗೆ ಒಯ್ದರು. ಯುದ್ಧಭೂಮಿಯಲ್ಲಿ ಎಷ್ಟೋ ಟ್ಯಾಂಕುಗಳ ಆಯುಸ್ಸು ಕೆಲವೇ ತಿಂಗಳು. ದಪ್ಪ ಉಕ್ಕಿನ ಹಲಗೆ ಅಷ್ಟರಲ್ಲಿ ತೂತುಬೀಳುವ ಹಾಗೆ ತುಕ್ಕು ಹಿಡಿಯುವುದಿಲ್ಲ. ಬಣ್ಣ ಕಿತ್ತ ಜಾಗ ಕಡುಕಂದಾಗುತ್ತದೆ, ಅಷ್ಟೇ. ಕಿತ್ತಳೆ ಬಣ್ಣದ ತುಕ್ಕು ಕಾಣಬೇಕಾದದ್ದು ಹೊಗೆಕೊಳವೆಯ ತೆಳು ತಗಡಿನ ಮೇಲೆ, ಅಲ್ಲಿ ಬಿಸಿಗೆ ಬಣ್ಣ ನಿಲ್ಲುವುದಿಲ್ಲ. ಅಮೆರಿಕದ ಎಂ-113 ವಾಹನದ ಮೈಯಂತೂ ಅಲ್ಯೂಮಿನಿಯಂ. ಅದರ ಪಕ್ಕೆಗೆ ಕೆಂಪು ತುಕ್ಕು ಇಳಿಸಿದ ಮಾದರಿಗಳಿಗೆ ಸ್ಪರ್ಧೆಗಳಲ್ಲಿ ಬಹುಮಾನವನ್ನೂ ಕೊಡುವುದುಂಟು!

ಮುಟ್ಟಿದ ಜಾಗ, ಉಜ್ಜಿದ ಜಾಗ ಯಾವುದೆಂದು ಯೋಚಿಸಿದರೆ ಉಳಿದದ್ದು ತಾನಾಗಿ ಬರುತ್ತದೆ. ಟ್ರ್ಯಾಕಿನ ಕೊಂಡಿಗಳು ಕಪ್ಪಲ್ಲ, ಬೆಳ್ಳಿಯೂ ಅಲ್ಲ. ನೆಲ ಮುಟ್ಟುವ ಏಣು ಮತ್ತು ಚಕ್ರ ಉಜ್ಜುವ ಒಳಮೈ ಮಾತ್ರ ಹೊಳೆಯುತ್ತದೆ, ಉಳಿದದ್ದೆಲ್ಲ ಕಂದುಬೂದು. ಉಕ್ಕಿನ ಅಂಚಿನ ಚಕ್ರ ಮಿರುಗುತ್ತದೆ, ರಬ್ಬರಿನದು ಮಿರುಗದು. ಆ ರಬ್ಬರೂ ಅಚ್ಚಕಪ್ಪಲ್ಲ, ಕಡುಬೂದು. ಟೈಗರಿನಲ್ಲಿ ಒಂದರ ಹಿಂದೆ ಒಂದು ಹೆಣೆದುಕೊಂಡ ಚಕ್ರಗಳು ಒಂದೊಂದು ಪಕ್ಕಕ್ಕೂ ಎಂಟೆಂಟು ಅಚ್ಚುಗಳ ಮೇಲೆ ಕೂರುತ್ತವೆ. ಕೂರಿಸಿದ ಮೇಲೆ ಕುಂಚ ಒಳಗೆ ಹೋಗದು. ಆದ್ದರಿಂದ ಒಂದೊಂದನ್ನೂ ಹಲ್ಲುಕಡ್ಡಿಯ ತುದಿಗೆ ಸಿಕ್ಕಿಸಿ, ಕುಂಚವನ್ನು ಅಲುಗಾಡಿಸದೆ ರಬ್ಬರಿನ ಅಂಚಿಗೆ ತಾಗಿಸಿ, ಬೆರಳುಗಳ ನಡುವೆ ಕಡ್ಡಿಯನ್ನು ನಿಧಾನ ತಿರುಗಿಸಬೇಕು. ಗೆರೆ ಕೊರೆದಂತೆ ದುಂಡಗೆ ಬರುತ್ತದೆ.

ಬೋಲ್ಟಿನ ಬುಡದ ನೆರಳಿಗೂ ಒಂದು ಕ್ರಮವುಂಟು. ಅಕ್ರಿಲಿಕ್ ಮೂಲಬಣ್ಣ ಒಣಗಿದ ಮೇಲೆ ಹೊಳಪು ವಾರ್ನಿಷ್, ಅದರ ಮೇಲೆ ಸಂಖ್ಯೆ-ಚಿಹ್ನೆಗಳ ಡೆಕಾಲ್. ಒರಟು ಮೇಲ್ಮೈಯಲ್ಲಿ ಹಾಕಿದರೆ ಡೆಕಾಲಿನಡಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಆಮೇಲೆ ತೆಳು ಎನಾಮಲ್ ಕಂದು ದ್ರವವನ್ನು ಬೋಲ್ಟಿನ ಬುಡಕ್ಕೆ ಮುಟ್ಟಿಸಿದರೆ ಅದು ಸುತ್ತಲೂ ಹರಿದು ನೆರಳಾಗಿ ನಿಲ್ಲುತ್ತದೆ. ಹೆಚ್ಚಾದದ್ದನ್ನು ಎನಾಮಲ್ ತಿನ್ನರಿನಲ್ಲಿ ಒರೆಸಬಹುದು, ಕೆಳಗಿನ ಅಕ್ರಿಲಿಕ್‌ಗೆ ಏನೂ ಆಗದು.

"ಕೆಸರಿಗೆ ನಿಜವಾದ ಮಣ್ಣೇ ಆಗಬೇಕು"

ಅಂಗಳದ ಮಣ್ಣಿನ ಒಂದು ಮಿ.ಮೀ. ಹರಳು 1/35ರಲ್ಲಿ ಮೂರೂವರೆ ಸೆಂ.ಮೀ. ಕಲ್ಲು. ಬಣ್ಣದ ಪುಡಿ ಬಳಸಿ, ಇಲ್ಲವೇ ಮಣ್ಣನ್ನು ಕುಟ್ಟಿ ತೆಳು ಬಟ್ಟೆಯಲ್ಲಿ ಸೋಸಿ. ಊರನ್ನೂ ನೋಡಿಕೊಳ್ಳಿ: ಉಕ್ರೇನಿನದು ಕಪ್ಪು ಮಣ್ಣು, ನಮ್ಮ ಕರಾವಳಿಯ ಕೆಂಪು ಜಂಬಿಟ್ಟಿಗೆಯ ಪುಡಿ ಅಲ್ಲಿಗೆ ಒಗ್ಗದು. ಒಣಹುಲ್ಲಿಗೆ ಮಾತ್ರ ತೆಂಗಿನ ನಾರನ್ನು ಮೀರಿಸುವುದು ಅಂಗಡಿಯಲ್ಲಿ ಸಿಗಲಿಕ್ಕಿಲ್ಲ.

"ಅಕ್ರಿಲಿಕ್ ಅಂದರೆ ಬರೀ ನೀರು, ಅಪಾಯವಿಲ್ಲ"

ಅಕ್ರಿಲಿಕ್ ಎಂದು ಬರೆದ ಕೆಲವು ಬಣ್ಣಗಳಲ್ಲೂ ಆಲ್ಕೊಹಾಲಿನಂಥ ದ್ರಾವಕಗಳಿರುತ್ತವೆ. ಧೂಳಿನ ಮಾಸ್ಕು ಆವಿಯನ್ನು ತಡೆಯದು, ಸ್ಪ್ರೇ ಮಾಡುವಾಗ ಆವಿ ಸೋಸುವ ಫಿಲ್ಟರಿನದೇ ಬೇಕು. ರೆಸಿನ್ ಭಾಗಗಳನ್ನು ಧೂಳೇಳದಂತೆ ನೀರು ಹಾಕಿಯೇ ಉಜ್ಜಿ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು: ಜಡಿಮಳೆಯ ದಿನ ಲ್ಯಾಕರ್ ಸ್ಪ್ರೇ ಮಾಡಿದರೆ ಗಾಳಿಯ ತೇವ ಬಣ್ಣದ ಮೇಲೆ ಕೂತು ಬೂದಿ ಬಳಿದಂತಾಗುತ್ತದೆ. ಹೊಳವಾಗುವವರೆಗೆ ಕಾಯುವುದೇ ಒಳ್ಳೆಯದು.

"ಟ್ಯಾಂಕು ಮಾಡುವವರು ಯುದ್ಧಪ್ರಿಯರು, ಅದೂ ಬರೀ ಜರ್ಮನಿಯದು"

ಮೊದಲ ಮಾತಿಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣದು. ಎರಡನೆಯದರಲ್ಲಿ ಅರ್ಧ ಸತ್ಯವಿದೆ, ಟೈಗರಿನ ಮೋಹ ಅಷ್ಟು ಬಲವಾದದ್ದು. ನಮ್ಮ ಸೇನೆ ಬಳಸಿದ ಶೆರ್ಮನ್, ಸೆಂಚುರಿಯನ್, ಟಿ-55, ಟಿ-72ಗಳಿಗೂ 1/35ರಲ್ಲಿ ಕಿಟ್‌ಗಳಿವೆ. ಕೊರತೆಯಿರುವುದು ಭಾರತೀಯ ಗುರುತುಗಳ ಡೆಕಾಲ್‌ಗೆ, ಅವನ್ನು ಕೈಯಲ್ಲೇ ಬರೆದುಕೊಳ್ಳಬಹುದು. 1971ರ ಡಿಸೆಂಬರ್ 16ರಂದು ಪಾಕಿಸ್ತಾನದ ವಿರುದ್ಧದ ಬಸಂತರ್ ಕಾಳಗದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಕಡೆಯುಸಿರಿನವರೆಗೆ ಹೋರಾಡಿದ್ದು 'ಫಮಗುಸ್ತಾ' ಎಂಬ ಸೆಂಚುರಿಯನ್‌ನಿಂದ. ಅದರ ಮಾದರಿ ಮಾಡಿದವರು ಟೈಗರ್ ಮಾಡಿದವರ ನೂರರಲ್ಲಿ ಒಬ್ಬರೂ ಇರಲಾರರು.

ಆಧಾರವಿಲ್ಲ ಎನ್ನಬೇಡಿ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಸೆಂಚುರಿಯನ್, ವಿಜಯಂತ, 1965ರಲ್ಲಿ ಸೆರೆಸಿಕ್ಕ ಪಾಕಿಸ್ತಾನದ ಪ್ಯಾಟನ್ ಎಲ್ಲವೂ ಅಲ್ಲಿ ಬಯಲಲ್ಲೇ ನಿಂತಿವೆ. ಮುಂದಿನ ಕಿಟ್ ಕೊಳ್ಳುವ ಮೊದಲು ಒಮ್ಮೆ ಹೋಗಿಬನ್ನಿ. ಮರುಬಳಿದ ಬಣ್ಣವನ್ನು ನಂಬದೆ, ಬೆಸುಗೆ, ಬೋಲ್ಟು, ತಗಡಿನ ದಪ್ಪವನ್ನು ನೋಡಿ ಬರೆದುಕೊಳ್ಳಿ.