ಮೆಚ್ಚಿದ ಧಾರಾವಾಹಿ ಮುಂದುವರಿದರೆ ಅಭಿಮಾನಿಗೇಕೆ ಮುನಿಸು?

ಶಿವಮೊಗ್ಗ: ಬೆಂಗಳೂರಿನಿಂದ ಭದ್ರಾವತಿ, ಮಾಚೇನಹಳ್ಳಿ, ಶಿವಮೊಗ್ಗ ದಾಟಿ ಆಗುಂಬೆಗೆ ಬರುವ ಪ್ರವಾಸಿಗರಲ್ಲಿ ಅನೇಕರಿಗೆ ಸೂರ್ಯಾಸ್ತದಷ್ಟೇ ಮುಖ್ಯವಾದುದು 'ಸ್ವಾಮಿಯ ಮನೆ'. ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ವೇದಿಕೆಯಾದ ಇಲ್ಲಿನ ದೊಡ್ಡಮನೆ ಇಂದಿಗೂ ಆ ಹೆಸರಿನಿಂದಲೇ ಪರಿಚಿತ. ಇಂತಹ ಪ್ರೀತಿ ಗಳಿಸಿದ ಕಥೆಯನ್ನು ಮುಂದುವರಿಸುವವರಿಗೆ ಆ ಪ್ರೀತಿಯೇ ಬಂಡವಾಳ, ಅದೇ ಹೊರೆ.

1986ರಲ್ಲಿ ದೂರದರ್ಶನದಲ್ಲಿ ಆರಂಭವಾದ ಸರಣಿ 39 ಕಂತುಗಳನ್ನು ಕಂಡಿತು. 1990ರಲ್ಲಿ ಶಂಕರ್‌ನಾಗ್ ನಿಧನರಾದರು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಕಂತುಗಳು ಬಂದವಾದರೂ ಮೊದಲಿನವುಗಳಂತೆ ಜನಮನದಲ್ಲಿ ನೆಲೆಗೊಳ್ಳಲಿಲ್ಲ. 2020ರಲ್ಲಿ ವಿಜಯ ರಾಘವೇಂದ್ರ ಅಭಿನಯದ ಕನ್ನಡ ಚಿತ್ರವೊಂದು 'ಮಾಲ್ಗುಡಿ ಡೇಸ್' ಹೆಸರಿನಲ್ಲೇ ತೆರೆಕಂಡಿತು. ಅದರ ಕಥೆಯೇ ಬೇರೆ. ಹೆಸರು ನೋಡಿ ಸ್ವಾಮಿಯನ್ನು ಅರಸಿದವರಿಗೆ ಅವನು ಸಿಗುವಂತಿರಲಿಲ್ಲ.

ಅರ್ಧಕ್ಕೆ ನಿಂತ ಕಥೆ

ಧಾರಾವಾಹಿಯನ್ನು ನಡುವೆಯೇ ನಿಲ್ಲಿಸಿದ್ದರೆ ನಿರೀಕ್ಷೆ ಇನ್ನೂ ತೀವ್ರ. ಇದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ 'ಫೈರ್‌ಫ್ಲೈ'. 2002ರಲ್ಲಿ ಫಾಕ್ಸ್ ವಾಹಿನಿ ಈ ಅಂತರಿಕ್ಷ ಸಾಹಸ ಸರಣಿಯ ಕಂತುಗಳನ್ನು ಹಿಂದುಮುಂದಾಗಿ ಪ್ರಸಾರ ಮಾಡಿತು. ಚಿತ್ರಿಸಿದ್ದ 14 ಕಂತುಗಳ ಪೈಕಿ 11 ಮುಗಿಯುವಷ್ಟರಲ್ಲಿ ರದ್ದುಪಡಿಸಿತು. ಡಿವಿಡಿಗಳು ಚೆನ್ನಾಗಿ ಮಾರಾಟವಾದವು. ಅಭಿಮಾನಿಗಳ ಒತ್ತಾಯವೂ ಸೇರಿ 2005ರಲ್ಲಿ 'ಸೆರೆನಿಟಿ' ಎಂಬ ಚಲನಚಿತ್ರವಾಗಿ ಕಥೆ ಮರಳಿತು.

ಆದರೆ ಅಭಿಮಾನಿಗಳು ಬೇಡಿ ಪಡೆದ ಆ ಚಿತ್ರದಲ್ಲೇ ಅವರ ಮೆಚ್ಚಿನ ವಿಮಾನಚಾಲಕ ವಾಶ್ ಹಾಗೂ ಪಾದ್ರಿ ಬುಕ್ ಸಾವನ್ನಪ್ಪಿದರು. ಚಿತ್ರವನ್ನು ಹೊಗಳಿದವರೂ ಈ ನೋವನ್ನು ಮರೆಯಲಿಲ್ಲ. ಗಲ್ಲಾಪೆಟ್ಟಿಗೆಯ ಗಳಿಕೆ ಸಾಧಾರಣವಾಗಿದ್ದು, ಎರಡನೆಯ ಚಿತ್ರ ಬರಲೇ ಇಲ್ಲ.

ಕಾರಣವೇನು?

ಮೊದಲನೆಯದು ಕಾಲಾವಕಾಶ. ಧಾರಾವಾಹಿ ವಾರವಾರವೂ ಮನೆಗೆ ಬರುವ ನೆಂಟ. ಪಾತ್ರಗಳ ಸಣ್ಣಪುಟ್ಟ ಜಗಳ, ಹರಟೆಗಳೂ ಅಲ್ಲಿ ಸಲ್ಲುತ್ತವೆ. ಎರಡು ಗಂಟೆಯ ಚಿತ್ರದಲ್ಲಿ ಮೊದಲು ಕತ್ತರಿಗೆ ಸಿಗುವುದು ಅವೇ. ಎರಡನೆಯದು ಪ್ರೇಕ್ಷಕವರ್ಗ. ಸರಣಿಯನ್ನೇ ನೋಡದವರಿಗೂ ಟಿಕೆಟ್ ಮಾರಬೇಕಾದ್ದರಿಂದ ಹಳಬರಿಗೆ ಗೊತ್ತಿರುವುದನ್ನೇ ಮತ್ತೆ ಹೇಳಬೇಕಾಗುತ್ತದೆ. ಮೂರನೆಯದು ಕಾಯುವಿಕೆ. ಕಥೆ ನಿಂತ ದಿನದಿಂದ ಪ್ರತಿಯೊಬ್ಬ ಅಭಿಮಾನಿಯೂ ಮನಸ್ಸಿನಲ್ಲೇ ಒಂದು ಅಂತ್ಯ ಬರೆದುಕೊಂಡಿರುತ್ತಾನೆ. ಅಷ್ಟೂ ಅಂತ್ಯಗಳನ್ನು ಒಂದು ಚಿತ್ರ ಪೂರೈಸಲಾರದು.

ಕಾಲದ ತೀರ್ಪು

ಮುನಿಸೇ ಕೊನೆಯ ಮಾತಲ್ಲ. 'ಟ್ವಿನ್ ಪೀಕ್ಸ್' 1991ರಲ್ಲಿ ಕುತೂಹಲದ ತುದಿಯಲ್ಲೇ ನಿಂತಿತ್ತು. ಮರುವರ್ಷ ಡೇವಿಡ್ ಲಿಂಚ್ ತೆಗೆದ ಚಿತ್ರ ಆ ಪ್ರಶ್ನೆಗೆ ಉತ್ತರಿಸುವ ಬದಲು ಹಿಂದಿನ ಕಥೆಗೆ ಹೋದಾಗ ಅಭಿಮಾನಿಗಳು ಸಿಡಿಮಿಡಿಗೊಂಡರು. ಇಂದು ಅದೇ ಚಿತ್ರವನ್ನು ಆತನ ಮುಖ್ಯ ಕೃತಿಗಳ ಸಾಲಿನಲ್ಲಿ ಎಣಿಸುವ ವಿಮರ್ಶಕರಿದ್ದಾರೆ.

ಮಾಲ್ಗುಡಿ ರೈಲು ನಿಲ್ದಾಣವಾಗಿ ಕಾಣಿಸಿಕೊಂಡ ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ 2020ರಲ್ಲಿ ವಸ್ತುಸಂಗ್ರಹಾಲಯ ಆರಂಭವಾಯಿತು. ಅಲ್ಲಿ ಹೊಸ ಕಥೆಯೇನಿಲ್ಲ, ಹಳೆಯ ನೆನಪಿಗೊಂದು ತಾಣವಷ್ಟೇ. ಕಥೆಯನ್ನು ಮುಂದುವರಿಸುವವರು ಹೊರಡುವ ಮುನ್ನ ಇಲ್ಲಿಗೊಮ್ಮೆ ಬಂದು, ಜನ ಏನನ್ನು ಹುಡುಕಿಕೊಂಡು ಬರುತ್ತಾರೆಂದು ನೋಡುವುದು ಒಳಿತು.