ಸಿದ್ಧಗಂಗೆಯ ಪಂಕ್ತಿ

ನವಿ ಮುಂಬಯಿಯಲ್ಲಿ ಹೊಸ ಕಟ್ಟಡಗಳು ಏಳುತ್ತಿರುವ ಕಡೆ ಸಂಜೆಯ ಹೊತ್ತು ನಡೆದುಹೋದರೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಮಳೆ ಕೈಕೊಟ್ಟಾಗ ಊರು ಬಿಟ್ಟು ಬಂದ ಕೂಲಿಕಾರರು ಅವರು. ನಾವು ಠಾಣೆ, ಡೊಂಬಿವಲಿಗಳಲ್ಲಿ ನೌಕರಿ ಹಿಡಿದು ನೆಲೆ ನಿಂತವರು. ಅವರದು ತಗಡಿನ ಗುಡಿಸಲು. ಮಾತು ಮಾತ್ರ ಒಂದೇ. "ಮಕ್ಕಳೆಲ್ಲಿ?" ಎಂದು ನಾವು ಕೇಳಿದಾಗ ಹೆಚ್ಚಿನವರು ಮರಳ ರಾಶಿಯ ಕಡೆ ಕೈತೋರಿದರು. ಒಬ್ಬ ತಾಯಿ, "ನಮ್ಮ ಹುಡುಗ ಸಿದ್ಧಗಂಗಿ ಮಠದಾಗ ಓದಾಕ ಹತ್ಯಾನ್ರಿ" ಎಂದರು. ಮುಂದೆ ಏನನ್ನೂ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ತುಮಕೂರಿನ ಬಳಿ ಬೆಟ್ಟದ ತಪ್ಪಲಲ್ಲಿರುವ ಈ ಮಠದಲ್ಲಿ ಸಂಸ್ಕೃತ ಪಾಠಶಾಲೆ ಪ್ರಾರಂಭವಾದದ್ದು 1917ರಲ್ಲಿ. ಆದರೆ ಮಠದ ಹೆಸರು ಮನೆಮಾತಾದದ್ದು ಶ್ರೀ ಶಿವಕುಮಾರ ಸ್ವಾಮಿಗಳಿಂದ. ಮಾಗಡಿ ತಾಲ್ಲೂಕಿನ ವೀರಾಪುರದ ರೈತ ಕುಟುಂಬದಲ್ಲಿ 1907ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1930ರಲ್ಲಿ, ಗುರು ಉದ್ದಾನ ಸ್ವಾಮಿಗಳು ಅವರನ್ನು ಉತ್ತರಾಧಿಕಾರಿಯಾಗಿ ಆರಿಸಿದರು. 1941ರಲ್ಲಿ ಮಠದ ಭಾರ ಪೂರ್ತಿಯಾಗಿ ಅವರ ಹೆಗಲಿಗೆ ಬಂತು.

ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹಗಳನ್ನು ಅವರು ಹಿಡಿದು ನಡೆಸಿದರು. ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ: ಸುಮಾರು 10,000 ಮಕ್ಕಳು, ಎಲ್ಲರಿಗೂ ಊಟ, ವಸತಿ, ಪಾಠ ಉಚಿತ. ನಮ್ಮ ಮನೆಗಳಲ್ಲಿ ನಾಲ್ವರು ನೆಂಟರು ಬಂದರೆ ಗ್ಯಾಸಿನ ಚಿಂತೆ! ಅಲ್ಲಿಯ ಅಡಿಗೆಮನೆಗೆ ಸುತ್ತಲ ಹಳ್ಳಿಗಳ ರೈತರು ರಾಗಿ, ಅಕ್ಕಿ, ತೆಂಗಿನಕಾಯಿ, ತರಕಾರಿ ತಂದು ಒಪ್ಪಿಸುತ್ತಾರೆ. ಬಡವರ ಹೊಲದ ಪಾಲೂ ಅದರಲ್ಲಿದೆ. ಸ್ವಾಮಿಗಳೂ ಹಿಂದೆ ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿದವರೇ.

ಮಠ ವೀರಶೈವರದು, ಪಂಕ್ತಿ ಎಲ್ಲರದು. ಜಾತಿ, ಮತ ಕೇಳದೆ ಮಕ್ಕಳನ್ನು ಸೇರಿಸಿಕೊಳ್ಳುವ ಪದ್ಧತಿ ಅಲ್ಲಿಯದು. ಬೆಳಿಗ್ಗೆ ಸಂಜೆ ಬಯಲಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಪ್ರಾರ್ಥನೆ ಮಾಡುತ್ತಾರೆ. ದೂರದ ಆಫ್ರಿಕದಲ್ಲಿ ಸಂನ್ಯಾಸಿಗಳು ಬಡಮಕ್ಕಳ ಶಾಲೆ ನಡೆಸುವ ಸುದ್ದಿಯನ್ನು ಓದಿ ತಲೆದೂಗುವ ನಾವು, ನಮ್ಮ ಊರ ದಾರಿಯಲ್ಲೇ ಇರುವುದನ್ನು ರೈಲಿನ ಕಿಟಕಿಯಿಂದ ದಾಟಿಬಿಡುತ್ತೇವೆ.

ಒಂದು ಮಾತು ಹೇಳಲೇಬೇಕು. ಎಂಟು ಹತ್ತು ವಯಸ್ಸಿನ ಮಗು ತಾಯಿಯನ್ನು ಬಿಟ್ಟಿರುವುದು ಸುಖದ ಸಂಗತಿಯಲ್ಲ. ಊರಲ್ಲೇ ಕೂಲಿ ಸಿಕ್ಕಿದ್ದರೆ ಆ ತಾಯಿ ಇಲ್ಲಿ ಇಟ್ಟಿಗೆ ಹೊರುತ್ತಿರಲಿಲ್ಲ, ಮಗ ಅಲ್ಲಿರುತ್ತಿರಲಿಲ್ಲ. ಮಠ ಆ ಕೊರತೆಯನ್ನು ನೀಗಿಸಲಾರದು. ಮಗುವಿನ ವರ್ಷಗಳು ಮರಳ ರಾಶಿಯ ಮೇಲೆ ಹಾಳಾಗದಂತೆ ಕಾಯಬಲ್ಲದು.

2019ರ ಜನವರಿ 21ರಂದು ಸ್ವಾಮಿಗಳು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಈಗ ಶ್ರೀ ಸಿದ್ಧಲಿಂಗ ಸ್ವಾಮಿಗಳು ಮಠವನ್ನು ನಡೆಸುತ್ತಿದ್ದಾರೆ. ಅಂದು ಹಿರಿಯರು ಕಣ್ಮುಚ್ಚಿದ್ದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಮಕ್ಕಳ ಊಟ ಮುಗಿಯುವವರೆಗೆ ಸುದ್ದಿ ಹೇಳಬಾರದೆಂಬುದು ಅವರ ಇಚ್ಛೆಯಾಗಿತ್ತು. ಹಾಗೆಯೇ ಮಾಡಿದರು; ಮಕ್ಕಳು ಉಂಡು ಎದ್ದ ಮೇಲೆಯೇ ನಾಡಿಗೆ ಸುದ್ದಿ ತಿಳಿಯಿತು.